ಕಿಟ್ ಫ್ರೇಮ್ ಮೇಲೆ ಮಲಗುವ ಟ್ರೇಲರ್: ಭಾರದ ಲೆಕ್ಕ ಮೊದಲು, ಪ್ಲೈವುಡ್ ಆಮೇಲೆ

ಪ್ರಶ್ನೆ: ನಾನು ಬ್ರಹ್ಮಾವರದವನು. ಬೋಲ್ಟ್ ಹಾಕಿ ಜೋಡಿಸುವ ಟ್ರೇಲರ್ ಫ್ರೇಮಿನ ಕಿಟ್ ಒಂದನ್ನು ನೋಡಿಟ್ಟಿದ್ದೇನೆ. ಎಂಟಡಿ ಉದ್ದ, ನಾಲ್ಕಡಿ ಅಗಲ. ಮುಂಗಡ ಇನ್ನೂ ಕೊಟ್ಟಿಲ್ಲ. ಅದರ ಮೇಲೆ ಇಬ್ಬರು ಮಲಗುವಷ್ಟು ಜಾಗ, ಹಿಂದಿನ ಬಾಗಿಲು ಎತ್ತಿದರೆ ಸಣ್ಣ ಅಡುಗೆಕಟ್ಟೆ, ಇಷ್ಟನ್ನು ಮನೆಯಂಗಳದಲ್ಲೇ ಕಟ್ಟುವ ಆಸೆ. ಗಟ್ಟಿ ಇರಲಿ ಅಂತ ಎಲ್ಲ ಕಡೆ 18 ಎಂಎಂ ಪ್ಲೈವುಡ್ ಹಾಕೋಣ ಅಂದುಕೊಂಡಿದ್ದೇನೆ. ನನ್ನದು 1200 ಸಿಸಿ ಕಾರು. ಈಗ ಫೆಬ್ರವರಿ, ಮಳೆಗಾಲದ ಮೊದಲು ಮುಗಿಯುತ್ತದಾ? ಯಾವುದರಿಂದ ಶುರು ಮಾಡಲಿ?

ಉತ್ತರ: ಮುಂಗಡ ಕೊಟ್ಟಿಲ್ಲ ಅಂದಿರಲ್ಲ, ಒಳ್ಳೆಯದೇ ಆಯಿತು. ಹಾಗಾದರೆ ಕಾಗದಪತ್ರದಿಂದಲೇ ಶುರು ಮಾಡೋಣ.

ಮೋಟಾರು ವಾಹನ ಕಾಯ್ದೆ 1988ರಲ್ಲಿ ‘ಮೋಟಾರು ವಾಹನ’ ಅಂದರೆ ಏನು ಅಂತ ಬರೆದಿರುವ ಕಡೆ ಟ್ರೇಲರನ್ನೂ ಸೇರಿಸಿದ್ದಾರೆ, ಬಾಡಿ ಕೂರಿಸದ ಬರೀ ಚಾಸಿಯನ್ನೂ ಸೇರಿಸಿದ್ದಾರೆ. ಅಂದರೆ ನಿಮ್ಮ ಕಿಟ್ ಫ್ರೇಮಿಗೆ ಚಕ್ರ ಹಾಕಿ ರಸ್ತೆಗೆ ಇಳಿಸಿದರೆ ಕಾನೂನಿನ ಕಣ್ಣಿಗೆ ಅದು ಇನ್ನೊಂದು ವಾಹನ. ಅದಕ್ಕೆ ಅದರದ್ದೇ ನೋಂದಣಿ ಬೇಕು, ವಿಮೆಯೂ ಬೇಕು. ನೋಂದಣಿ ಇಲ್ಲದೆ ಓಡಿಸಬಾರದು ಅನ್ನುವುದು 39ನೇ ಸೆಕ್ಷನ್, ಥರ್ಡ್ ಪಾರ್ಟಿ ವಿಮೆ ಕಡ್ಡಾಯ ಅನ್ನುವುದು 146ನೇ ಸೆಕ್ಷನ್. ವಾಹನ ತಯಾರಿಸುವವರು ಮಾದರಿಯನ್ನು ಪುಣೆಯ ಎಆರ್‌ಎಐನಂಥ ವಾಹನ ಪರೀಕ್ಷಾ ಸಂಸ್ಥೆಯಲ್ಲಿ ಪರೀಕ್ಷೆ ಮಾಡಿಸಿ ಒಪ್ಪಿಗೆ ಪಡೆಯಬೇಕು ಅಂತ 1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ ಇದೆ. ಹಾಗಾಗಿ ಕಿಟ್ ಮಾರುವವರಲ್ಲಿ ನೇರವಾಗಿ ಕೇಳಿ: ಈ ಫ್ರೇಮಿಗೆ ಆ ಒಪ್ಪಿಗೆ ಪತ್ರ ಉಂಟಾ? ಫಾರ್ಮ್ 21, ಫಾರ್ಮ್ 22 ಕೊಡುತ್ತೀರಾ? ಮೊದಲನೆಯದು ಮಾರಾಟದ ಪತ್ರ, ಎರಡನೆಯದು ವಾಹನ ರಸ್ತೆಗೆ ಯೋಗ್ಯ ಅಂತ ತಯಾರಕರು ಕೊಡುವ ಪತ್ರ. “ಅದೆಲ್ಲ ಯಾರೂ ಕೇಳುವುದಿಲ್ಲ ಸಾರ್” ಅಂತ ಉತ್ತರ ಬಂದರೆ ಆ ಅಂಗಡಿಯಿಂದ ಹೊರಗೆ ಬನ್ನಿ. ಕಟ್ಟಲಿರುವ ಬಾಡಿಯ ಒಂದು ನಕ್ಷೆ ಬರೆದು, ಅಳತೆ, ತೂಕ ಎಲ್ಲ ಹಾಕಿ, ನಿಮ್ಮ ಉಡುಪಿಯ ಆರ್‌ಟಿಒ (ಕೆಎ 20) ಕಚೇರಿಯಲ್ಲಿ ತೋರಿಸಿ ಮಾತಾಡಿ. ಪ್ಲೈವುಡ್ ಕೊಯ್ದ ಮೇಲೆ ಹೋಗುವುದಲ್ಲ, ಮೊದಲೇ ಹೋಗಬೇಕು. ಎರಡು ತಿಂಗಳು ದುಡಿದು ಕಟ್ಟಿದ್ದು ಅಂಗಳದಲ್ಲೇ ಕೂತರೆ ಆಗುವ ಸಂಕಟ ದೊಡ್ಡದು.

ಇನ್ನು ಕಾರು. ಡ್ಯಾಶ್‌ಬೋರ್ಡ್ ಒಳಗಿರುವ ಪುಸ್ತಕ ತೆಗೆದು ಟೋಯಿಂಗ್ ಬಗ್ಗೆ ಏನು ಬರೆದಿದೆ ಓದಿ. ಸಣ್ಣ ಕಾರುಗಳಲ್ಲಿ ಕೆಲವಕ್ಕೆ ಟ್ರೇಲರ್ ಎಳೆಯಲೇಬೇಡಿ ಅಂತ ಇರುತ್ತದೆ. ಹಾಗಿದ್ದರೆ ಬೇಡವೇ ಬೇಡ, ಬೇರೆ ಕಾರು ನೋಡಬೇಕು. ಎಳೆಯಬಹುದು ಅಂತಿದ್ದರೆ ಎಷ್ಟು ಕಿಲೋ ಅಂತಲೂ ಇರುತ್ತದೆ, ಅದೇ ನಿಮ್ಮ ಗಡಿ. ನಾನು ಇದರ ಜೊತೆಗೆ ಬ್ರಿಟನ್ನಿನ ಒಂದು ನಿಯಮವನ್ನೂ ಅಳತೆಗೋಲಾಗಿ ಇಟ್ಟುಕೊಳ್ಳುತ್ತೇನೆ. ಅಲ್ಲಿ ಬ್ರೇಕ್ ಇಲ್ಲದ ಟ್ರೇಲರಿನ ಒಟ್ಟು ತೂಕ 750 ಕಿಲೋ ಅಥವಾ ಕಾರಿನ ತೂಕದ ಅರ್ಧ, ಯಾವುದು ಕಡಿಮೆಯೋ ಅದನ್ನು ದಾಟಬಾರದು. ನಿಮ್ಮ ಕಾರು 900 ಕಿಲೋ ಇದ್ದರೆ ಸಾಮಾನು ತುಂಬಿದ ಟ್ರೇಲರ್ 450 ಕಿಲೋ ಒಳಗೇ ಇರಬೇಕು ಅಂತ ಆಯಿತು.

ಈ 450 ಅನ್ನುವ ಸಂಖ್ಯೆಯನ್ನು ಗೋಡೆಯ ಮೇಲೆ ದೊಡ್ಡದಾಗಿ ಬರೆದಿಡಿ. ನಿಮ್ಮ 18 ಎಂಎಂ ಪ್ಲೈವುಡ್ಡಿಗೆ ಉತ್ತರ ಅಲ್ಲೇ ಇದೆ. ಎಂಟಡಿ ನಾಲ್ಕಡಿಯ 18 ಎಂಎಂ ಹಾಳೆ ಒಂದು ಸುಮಾರು 36 ಕಿಲೋ ತೂಗುತ್ತದೆ. ನೆಲ, ಎರಡು ಬದಿ, ಮಾಡು (ಛಾವಣಿ), ಮುಂಭಾಗ, ಅಡುಗೆಕಟ್ಟೆ ಎಲ್ಲ ಸೇರಿ ಆರು ಹಾಳೆ ಹಿಡಿದರೆ 215 ಕಿಲೋ ಬರೀ ಮರಕ್ಕೇ ಹೋಯಿತು. ನಾನಾಗಿದ್ದರೆ ನೆಲಕ್ಕೆ 12 ಎಂಎಂ ಒಂದು ಹಾಳೆ, ಎರಡು ಬದಿಗೆ 12 ಎಂಎಂ ಎರಡು, ಮಾಡು ಮತ್ತು ಮುಂಭಾಗಕ್ಕೆ 6 ಎಂಎಂ ಎರಡು, ಕಟ್ಟೆ ಮತ್ತು ಕಪಾಟಿಗೆ 9 ಎಂಎಂ ಒಂದು ಹಾಕುತ್ತೇನೆ. ಒಳಗೆ ಸಣ್ಣ ಮರದ ರೀಪುಗಳ ಚೌಕಟ್ಟು. ಎಲ್ಲ ಕೂಡಿ ಸುಮಾರು 130 ಕಿಲೋ. 85 ಕಿಲೋ ಉಳಿಯಿತು, ಅಂದರೆ ಒಬ್ಬ ಮನುಷ್ಯನಿಗಿಂತ ಜಾಸ್ತಿ ತೂಕ.

ಉಳಿದದ್ದನ್ನೂ ಕೂಡಿಸಿ ನೋಡಿ. ಫ್ರೇಮ್, ಆಕ್ಸಲ್, ಚಕ್ರ 120. ಮರದ ಕೆಲಸ 130. ಬಾಗಿಲು, ಕಿಟಕಿ, ರೆಸಿನ್, ಬಣ್ಣ 40. ಹಾಸಿಗೆ 15. ಬ್ಯಾಟರಿ 12. ಒಲೆ, ಪಾತ್ರೆ, ದಿನಸಿ 30. ನೀರು 20. ಬಟ್ಟೆಬರೆ, ಕುರ್ಚಿ, ಟಾರ್ಪಾಲು 40. ಒಟ್ಟು 407. ಗಡಿಯ ಒಳಗೆ ಕೂತಿತು. ಇದೇ ಲೆಕ್ಕಕ್ಕೆ 18 ಎಂಎಂ ಹಾಕಿದರೆ 492, ಗಡಿ ದಾಟಿತು. ಪೆಟ್ಟಿಗೆಗೆ ಗಟ್ಟಿತನ ಬರುವುದು ಹಾಳೆಯ ದಪ್ಪದಿಂದ ಅಂತ ತುಂಬಾ ಜನ ತಿಳಿದಿದ್ದಾರೆ. ನಾಲ್ಕು ಕಡೆಯೂ ಅಂಟಿಕೊಂಡ ಮುಚ್ಚಿದ ಪೆಟ್ಟಿಗೆ ತೆಳು ಹಾಳೆಯಲ್ಲೂ ಗಟ್ಟಿಯೇ ಇರುತ್ತದೆ, ಮೂಲೆಗಳ ಅಂಟು ಸರಿಯಿರಬೇಕು ಅಷ್ಟೆ.

ಈಗ ನನಗೆ ಹೇಳಲೇಬೇಕಾದ ವಿಷಯಕ್ಕೆ ಬರುತ್ತೇನೆ. ಅಡುಗೆಕಟ್ಟೆ ಹಿಂದೆ ಅಂತ ಬರೆದಿದ್ದೀರಿ. ಹಿಂದೆ ಇರಲಿ, ಬೇಡ ಅನ್ನುವುದಿಲ್ಲ. ನಿಂತು ಅಡುಗೆ ಮಾಡಲು ಅದೇ ಸುಖ. ಆದರೆ ಆ ಕಟ್ಟೆಯೇ ಈ ಗಾಡಿಯ ಅಪಾಯದ ಜಾಗ.

ನಮ್ಮ ಹಳ್ಳಿಗಳಲ್ಲಿ ಎತ್ತಿನ ಗಾಡಿ ತುಂಬುವವರು ಮುಂಭಾರ, ಹಿಂಭಾರ ಅನ್ನುತ್ತಿದ್ದರು. ಹಿಂಭಾರ ಆದರೆ ಮೂಕಿ (ಗಾಡಿಯ ಮುಂದೆ ಚಾಚಿದ ಎಳೆಯುವ ಕಂಬ) ಮೇಲಕ್ಕೆ ಏಳುತ್ತದೆ, ನೊಗ ಎತ್ತಿನ ಕೊರಳನ್ನು ಬಿಗಿಯುತ್ತದೆ. ಮುಂಭಾರ ಜಾಸ್ತಿ ಆದರೆ ಎತ್ತಿನ ಹೆಗಲು ಕುಸಿಯುತ್ತದೆ. ಹದ ಅಂದರೆ ನೊಗ ಹೆಗಲ ಮೇಲೆ ಹಗುರವಾಗಿ ಕೂತಿರಬೇಕು. ಕಾರಿನ ಹಿಂದಿನ ಟ್ರೇಲರಿಗೂ ಇದೇ ಮಾತು. ಒಟ್ಟು ತೂಕದ ಶೇ. 10ರಿಂದ 15ರಷ್ಟು ಮುಂಭಾರವಾಗಿ ಕಾರಿನ ಬಾಲ್ ಹಿಚ್ಚಿನ ಮೇಲೆ, ಅಂದರೆ ಟ್ರೇಲರನ್ನು ಸಿಕ್ಕಿಸುವ ಗುಂಡಿನ ಮೇಲೆ ಕೂರಬೇಕು. ನಿಮ್ಮ 407 ಕಿಲೋಗೆ 40ರಿಂದ 60. ನಿಮ್ಮದು ಸಣ್ಣ ಕಾರು, 45ರ ಹತ್ತಿರ ಇಟ್ಟುಕೊಳ್ಳಿ. ಕಾರಿನ ಪುಸ್ತಕದಲ್ಲಿ ಹಿಚ್ಚಿನ ಮೇಲೆ ಎಷ್ಟು ಭಾರ ಹಾಕಬಹುದು ಅಂತ ಇದ್ದರೆ ಅದನ್ನೂ ಮೀರಬಾರದು.

ಮುಂಭಾರ ಕಡಿಮೆಯಾದರೆ ಏನಾಗುತ್ತದೆ ಅಂತ ನಾನು ಮೈಮೇಲೆ ತಂದುಕೊಂಡು ಕಲಿತವನು. ನನ್ನ ಮೊದಲನೇ ಟ್ರೇಲರಿನಲ್ಲಿ ಹಿಂದೆ ಅಡುಗೆಕಟ್ಟೆ, ಅದರ ಕೆಳಗೆ ನೀರಿನ ಮೂರು ಕ್ಯಾನು, ಸ್ಟೆಪ್ನಿಯೂ ಹಿಂಬಾಗಿಲಿನ ಕೆಳಗೇ. ಮಂಗಳೂರಿನಿಂದ ಉಡುಪಿ ಕಡೆ ಬರುತ್ತಿದ್ದೆ. ಪಡುಬಿದ್ರಿ ಹತ್ತಿರ ರಸ್ತೆ ಖಾಲಿ ಇತ್ತು, ಸ್ಪೀಡು 75 ಆಗಿರಬೇಕು. ಒಂದು ಕಂಟೇನರ್ ಲಾರಿ ಪಕ್ಕದಿಂದ ದಾಟಿತು. ಅದರ ಗಾಳಿಗೆ ಟ್ರೇಲರ್ ಒಮ್ಮೆ ಬಲಕ್ಕೆ ಹೋಯಿತು, ತಿರುಗಿ ಎಡಕ್ಕೆ ಬಂತು, ಮತ್ತೆ ಬಲಕ್ಕೆ, ಪ್ರತಿ ಸಲವೂ ಮೊದಲಿಗಿಂತ ಜಾಸ್ತಿ. ಕಾರಿನ ಹಿಂಭಾಗವನ್ನು ಯಾರೋ ಹಿಡಿದು ಅಲ್ಲಾಡಿಸಿದ ಹಾಗೆ. ಪಕ್ಕದಲ್ಲಿ ಹೆಂಡತಿ ಕೂತಿದ್ದಳು. ಬ್ರೇಕ್ ಒತ್ತಲಿಲ್ಲ, ಸ್ಟೇರಿಂಗ್ ನೇರ ಹಿಡಿದು ಆಕ್ಸಿಲರೇಟರ್ ಬಿಟ್ಟೆ. ನಿಧಾನಕ್ಕೆ ನಿಂತಿತು. ಇಳಿದು ಹೋಗಿ ಹಿಚ್ ಕಳಚಿ ಮೂಕಿಗೆ ಕೈ ಹಾಕಿದೆ. ಒಂದೇ ಕೈಯಲ್ಲಿ ಎದ್ದು ಬಂತು. ಆ ಕ್ಷಣದಲ್ಲಿ ಕೈಗೆ ತಾಗಿದ ಆ ಹಗುರ ನನಗೆ ಇವತ್ತಿಗೂ ನೆನಪಿದೆ.

ಲೆಕ್ಕ ಸುಲಭ. ಆಕ್ಸಲಿನಿಂದ ಹಿಚ್ಚಿಗೆ 2.4 ಮೀಟರ್ ಇದೆ ಅಂದುಕೊಳ್ಳಿ. ಆಕ್ಸಲಿನಿಂದ 1.3 ಮೀಟರ್ ಹಿಂದೆ 20 ಲೀಟರ್ ನೀರಿನ ಕ್ಯಾನ್ ಇಟ್ಟರೆ 20ನ್ನು 1.3ರಿಂದ ಗುಣಿಸಿ 2.4ರಿಂದ ಭಾಗಿಸಿ. ಮುಂಭಾರದಲ್ಲಿ ಸುಮಾರು 11 ಕಿಲೋ ಹೋಯಿತು. ಅದೇ ಕ್ಯಾನನ್ನು ಆಕ್ಸಲಿನ ನೇರ ಮೇಲೆ ಇಟ್ಟರೆ ಮುಂಭಾರ ಕೂದಲಷ್ಟೂ ಬದಲಾಗುವುದಿಲ್ಲ. ಅದಕ್ಕೇ ನೀರಿನ ಜಾಗ ಆಕ್ಸಲ್ ಮೇಲೆ. ನೀರು ದಾರಿಯಲ್ಲಿ ಖರ್ಚಾಗುವ ಭಾರ, ಅದು ಇದ್ದರೂ ಖಾಲಿಯಾದರೂ ಗಾಡಿಯ ನಡೆ ಒಂದೇ ತರ ಇರಬೇಕು. ಬ್ಯಾಟರಿ ಮತ್ತು ಸ್ಟೆಪ್ನಿ ಮುಂದೆ ಮೂಕಿಯ ಹತ್ತಿರ. ಹಿಂದಿನ ಕಟ್ಟೆಯಲ್ಲಿ ಒಲೆ, ತಟ್ಟೆ ಲೋಟ, ಅಕ್ಕಿ ಬೇಳೆ ಸಾಕು. ಗ್ರಾನೈಟ್ ತುಂಡು ಹಾಕುವ ಆಸೆ ಬಿಡಿ, ತೆಳು ಸ್ಟೀಲ್ ಹಾಳೆ ಹಾಕಿ.

ಇನ್ನೊಂದು ಉಪಾಯ ಇದೆ. ಕಿಟ್ ಫ್ರೇಮಿನಲ್ಲಿ ಆಕ್ಸಲ್ ಕೂರುವ ತೂತುಗಳು ಮೊದಲೇ ಕೊರೆದು ಬಂದಿರುತ್ತವೆ, ಅದನ್ನು ಜರುಗಿಸುವುದು ಕಷ್ಟ. ಆದರೆ ಪೆಟ್ಟಿಗೆಯನ್ನು ಜರುಗಿಸಬಹುದಲ್ವಾ? ಸಾಮಾನ್ಯವಾಗಿ ಪೆಟ್ಟಿಗೆಯ ಉದ್ದದಲ್ಲಿ ಶೇ. 60 ಆಕ್ಸಲಿನ ಮುಂದೆ, 40 ಹಿಂದೆ ಬಂದರೆ ಹದ ಸಿಗುತ್ತದೆ. ಹಾಗಾಗಿ ಪೆಟ್ಟಿಗೆ ಪೂರ್ತಿ ಕಟ್ಟಿ, ಫ್ರೇಮ್ ಮೇಲೆ ಸುಮ್ನೆ ಇಟ್ಟು, ಒಳಗೆ ಹಾಸಿಗೆ, ಒಲೆ, ನೀರು ಎಲ್ಲ ತುಂಬಿ, ಆಮೇಲೆ ತೂಕ ನೋಡಿ. ತೂಕಕ್ಕೆ ಮನೆಯ ಬಾತ್‌ರೂಮ್ ಸ್ಕೇಲ್ ಸಾಕು. ಚಕ್ರಗಳಿಗೆ ಮುಂದೆ ಹಿಂದೆ ಕೆಂಪುಕಲ್ಲಿನ ತುಂಡು ಕೊಡಿ. ಸ್ಕೇಲಿನ ಮೇಲೆ ಒಂದು ಮರದ ಗಟ್ಟಿ ನಿಲ್ಲಿಸಿ, ಅದರ ತುದಿ ನಿಮ್ಮ ಕಾರಿನ ಬಾಲ್ ಎಷ್ಟು ಎತ್ತರದಲ್ಲಿದೆಯೋ ಅಷ್ಟೇ ಎತ್ತರಕ್ಕೆ ಬರಬೇಕು. ಅದರ ಮೇಲೆ ಮೂಕಿಯನ್ನು ಇಳಿಸಿ. ಮುಳ್ಳು 30 ತೋರಿಸಿದರೆ ಪೆಟ್ಟಿಗೆಯನ್ನು ಸ್ವಲ್ಪ ಮುಂದೆ ತಳ್ಳಿ. 65 ತೋರಿಸಿದರೆ ಹಿಂದೆ. 45ಕ್ಕೆ ಬಂದ ಕಡೆ ಗುರುತು ಹಾಕಿ, ಆಗ ಬೋಲ್ಟಿಗೆ ತೂತು ಕೊರೆಯಿರಿ. ಎತ್ತರದ ವಿಷಯದಲ್ಲಿ ಮೋಸ ಮಾಡಿಕೊಳ್ಳಬೇಡಿ. ಮೂಕಿ ನೆಲದ ಹತ್ತಿರ ಇದ್ದಾಗ ತೂಗಿದರೆ ಲೆಕ್ಕ ತಪ್ಪುತ್ತದೆ.

ಫ್ರೇಮ್ ಜೋಡಿಸುವ ಬಗ್ಗೆ ಸ್ವಲ್ಪ. ಕಿಟ್ ಬಂದ ದಿನ ಎಲ್ಲ ಬೋಲ್ಟನ್ನೂ ಬಿಗಿ ಮಾಡಿ ಮುಗಿಸುವ ಉತ್ಸಾಹ ಬರುತ್ತದೆ. ತಾಳ್ಮೆ ಬೇಕು. ಮಟ್ಟ ಇರುವ ನೆಲದಲ್ಲಿ ಮಾಡಿ. ನಮ್ಮ ಕಡೆಯ ಅಂಗಳಗಳು ಮಳೆನೀರು ಹರಿಯಲಿ ಅಂತ ಇಳಿಜಾರಾಗಿರುತ್ತವೆ, ಕಾರ್ ಶೆಡ್ಡಿನ ನೆಲ ವಾಸಿ. ಎಲ್ಲ ಬೋಲ್ಟನ್ನೂ ಕೈಯಲ್ಲಿ ತಿರುಗಿಸಿ ಸಡಿಲವಾಗಿ ಬಿಡಿ. ಆಮೇಲೆ ಮೂಲೆಯಿಂದ ಮೂಲೆಗೆ ಟೇಪ್ ಹಿಡಿಯಿರಿ. ಹೊರ ಅಳತೆ 2440 ಮತ್ತು 1220 ಎಂಎಂ ಇದ್ದರೆ ಎರಡೂ ಕರ್ಣಗಳು 2728 ಬರಬೇಕು. ಒಂದು ಉದ್ದ, ಒಂದು ಗಿಡ್ಡ ಇದ್ದರೆ ಉದ್ದದ ಮೂಲೆಗೆ ಮರದ ಸುತ್ತಿಗೆಯಿಂದ ಸಣ್ಣ ಪೆಟ್ಟು. ಸರಿಬಂದ ಮೇಲೆ ಬಿಗಿ ಮಾಡಿ. ನಂತರ ಹಿಚ್ಚಿನ ನಡುವಿನಿಂದ ಆಕ್ಸಲಿನ ಎರಡೂ ತುದಿಗೆ ಅಳೆಯಿರಿ. ವ್ಯತ್ಯಾಸ 3 ಎಂಎಂ ದಾಟಿದರೆ ಗಾಡಿ ಏಡಿಯ ಹಾಗೆ ಓರೆಯಾಗಿ ನಡೆಯುತ್ತದೆ, ಟಯರ್ ಒಂದೇ ಬದಿ ಸವೆಯುತ್ತದೆ. ಬೋಲ್ಟ್ 8.8 ಗ್ರೇಡಿನದು (ಹೆಚ್ಚು ಗಟ್ಟಿ ಉಕ್ಕಿನದು), ನಟ್ ನೈಲಾಕ್ (ಸಡಿಲಾಗದಂತೆ ಒಳಗೆ ನೈಲಾನ್ ಬಳೆ ಇರುವುದು) ಇರಲಿ. ಬಿಗಿದ ಮೇಲೆ ನಟ್ಟಿನಿಂದ ಪ್ಲೇಟಿಗೆ ಬಣ್ಣದ ಒಂದು ಗೆರೆ ಎಳೆಯಿರಿ. ಗೆರೆ ತುಂಡಾಗಿದ್ದರೆ ನಟ್ ತಿರುಗಿದೆ ಅಂತ ನೋಡಿದ ಕೂಡಲೇ ಗೊತ್ತಾಗುತ್ತದೆ.

ಉಪ್ಪು ಗಾಳಿಯ ಊರಿನಲ್ಲಿ ಬರೀ ಬಣ್ಣದ ಫ್ರೇಮ್ ತಗೊಳ್ಳಬೇಡಿ. ಬಿಸಿ ಸತುವಿನಲ್ಲಿ ಅದ್ದಿ ತೆಗೆದ ಗ್ಯಾಲ್ವನೈಸ್ಡ್ ಫ್ರೇಮ್ ಕೇಳಿ. ದುಡ್ಡು ಸ್ವಲ್ಪ ಜಾಸ್ತಿ, ಆದರೆ ಆಯುಷ್ಯವೂ ಜಾಸ್ತಿ. ಅದಕ್ಕೆ ಮನೆಯಲ್ಲಿ ವೆಲ್ಡಿಂಗ್ ಬೇಡ, ಸತುವಿನ ಹೊಗೆ ಕುಡಿದರೆ ಜ್ವರ ಬರುತ್ತದೆ. ಹೊಸ ತೂತು ಕೊರೆದರೆ ಅದರ ಬಾಯಿಗೆ ಜಿಂಕ್ ಪೇಂಟ್ ಹಚ್ಚಿ. ಬಾಕ್ಸ್ ಪೈಪಿನ ತಗ್ಗಿನ ತುದಿಯಲ್ಲಿ ನೀರು ಇಳಿದು ಹೋಗಲು ತೂತು ಇರಲಿ, ಇಲ್ಲದಿದ್ದರೆ ಒಳಗಿನಿಂದ ತುಕ್ಕು ತಿನ್ನುತ್ತದೆ, ಹೊರಗೆ ಗೊತ್ತೇ ಆಗುವುದಿಲ್ಲ. ಸ್ಕ್ರೂಗಳು 316 ಗ್ರೇಡಿನ ಸ್ಟೇನ್‌ಲೆಸ್ ಆಗಲಿ, ಸಾಮಾನ್ಯ 304 ಕಡಲ ಹತ್ತಿರ ಕಂದು ಚುಕ್ಕೆ ಬಿಡುತ್ತದೆ. ಹೊರಗೆ ಅಲ್ಯೂಮಿನಿಯಂ ಹಾಳೆ ಹೊದಿಸುವುದಾದರೆ ಸ್ಟೇನ್‌ಲೆಸ್ ಸ್ಕ್ರೂ ಅದಕ್ಕೆ ನೇರ ತಾಗಬಾರದು, ನಡುವೆ ನೈಲಾನ್ ವಾಷರ್ ಹಾಕಿ. ಎರಡು ಲೋಹ, ಉಪ್ಪುನೀರು ಸೇರಿದರೆ ಅಲ್ಯೂಮಿನಿಯಂ ಬಿಳಿ ಪುಡಿಯಾಗಿ ಉದುರುತ್ತದೆ.

ಇನ್ನು ಮಳೆ. ನಮ್ಮ ಕರಾವಳಿಯಲ್ಲಿ ವರ್ಷಕ್ಕೆ 3500 ಎಂಎಂ ಮೇಲೆ ಮಳೆ ಸುರಿಯುತ್ತದೆ, ಅದರಲ್ಲಿ ಹೆಚ್ಚಿನದೆಲ್ಲ ನಾಲ್ಕು ತಿಂಗಳಲ್ಲೇ. ಒಣ ನಾಡುಗಳಲ್ಲಿ ಕಟ್ಟಿದವರ ವಿಡಿಯೋ ನೋಡಿ ಹಾಗೇ ಮಾಡಿದರೆ ಇಲ್ಲಿ ಜುಲೈ-ಆಗಸ್ಟಿನ ಒಂದು ಆಟಿ ತಿಂಗಳಲ್ಲಿ ಪ್ಲೈವುಡ್ ಊದಿಕೊಳ್ಳುತ್ತದೆ. ಪ್ಲೈವುಡ್ ತಗೊಳ್ಳುವಾಗ ಐಎಸ್ 710 ಅಂತ ಮುದ್ರೆ ಇರುವ ಮರೈನ್ ಹಾಳೆ ಕೇಳಿ. ಆದರೆ ಮುದ್ರೆಯನ್ನು ನಂಬಿ ಹಾಗೇ ಬಿಡಬೇಡಿ. ಆ ಮುದ್ರೆ ಮುಖ್ಯವಾಗಿ ಪದರಗಳ ನಡುವಿನ ಅಂಟಿನ ಭರವಸೆ. ನೀರು ಒಳಗೆ ಹೋಗುವುದು ಅಂಚಿನಿಂದ. ಒಂದು ಪ್ರಯೋಗ ಮಾಡಿ ನೋಡಿ. ಪ್ಲೈವುಡ್ಡಿನ ತುಂಡೊಂದರ ಅಂಚಿಗೆ ಎಪಾಕ್ಸಿ (ಎರಡು ದ್ರವ ಬೆರೆಸಿ ಹಚ್ಚುವ ರೆಸಿನ್) ಹಚ್ಚಿ. ಐದು ನಿಮಿಷದಲ್ಲಿ ಒಣಗಿದ ಹಾಗೆ ಮಂಕಾಗುತ್ತದೆ. ಒಣಗಿದ್ದಲ್ಲ, ಕುಡಿದದ್ದು. ಮತ್ತೆ ಹಚ್ಚಿ, ಮತ್ತೆ ಕುಡಿಯುತ್ತದೆ. ಮೂರನೇ ಸಲಕ್ಕೆ ಹೊಳಪು ಉಳಿಯುತ್ತದೆ. ಅಲ್ಲಿಯ ತನಕ ಹಚ್ಚಬೇಕು, ಪ್ರತಿ ಅಂಚಿಗೂ, ಬಾಗಿಲು ಕಿಟಕಿಗೆ ಕೊಯ್ದ ಜಾಗಕ್ಕೂ.

ಹೊರಮೈಗೆ ತೆಳು ಗ್ಲಾಸ್ ಬಟ್ಟೆ (ಫೈಬರ್‌ಗ್ಲಾಸ್) ಹಾಸಿ ಎಪಾಕ್ಸಿ ಕುಡಿಸಿದರೆ ಅದರಷ್ಟು ಒಳ್ಳೆಯ ಚರ್ಮ ಬೇರೆ ಇಲ್ಲ. ಈ ಕೆಲಸ ಕಲಿಯಲು ನೀವು ದೂರ ಹೋಗಬೇಕಿಲ್ಲ ಮಾರಾಯ್ರೆ, ಮಲ್ಪೆ ನಿಮ್ಮ ಪಕ್ಕದಲ್ಲೇ ಉಂಟು. ಅಲ್ಲಿ ಬೋಟಿಗೆ ಫೈಬರ್ ಹೊದಿಸುವವರ ಕೈ ನೋಡಿ. ಬಟ್ಟೆಯಡಿಯ ಗಾಳಿಗುಳ್ಳೆಯನ್ನು ರೋಲರಿನಿಂದ ನಡುವಿನಿಂದ ಅಂಚಿಗೆ ಅಟ್ಟುತ್ತಾ ಹೋಗುವ ಆ ಓಘವನ್ನು ಬರೆದು ಕಲಿಸಲು ಆಗುವುದಿಲ್ಲ. ಒಂದು ದಿನದ ಕೂಲಿ ಕೊಟ್ಟು ಅವರನ್ನೇ ಕರೆದರೂ ಒಳ್ಳೆಯದು. ಒಂದು ಮಾತು ಮಾತ್ರ ಮೊದಲೇ ಹೇಳಿ. ಬೋಟಿನ ಕೆಲಸಕ್ಕೆ ಹೆಚ್ಚಾಗಿ ಬಳಸುವ ಪಾಲಿಯೆಸ್ಟರ್ ರೆಸಿನ್ ಅಗ್ಗ, ಆದರೆ ಮರಕ್ಕೆ ಎಪಾಕ್ಸಿಯಷ್ಟು ಗಟ್ಟಿಯಾಗಿ ಹಿಡಿಯುವುದಿಲ್ಲ. ಎಪಾಕ್ಸಿಯೇ ಇರಲಿ. ಅದಕ್ಕೆ ಬಿಸಿಲು ಆಗುವುದಿಲ್ಲ, ಮೇಲೆ ಬಣ್ಣ ಬೇಕೇ ಬೇಕು. ಬಿಳಿ ಬಣ್ಣ ಹಾಕಿದರೆ ಏಪ್ರಿಲ್ ಸೆಕೆಯಲ್ಲಿ ಒಳಗೆ ಮಲಗಿದವರು ಬದುಕುತ್ತಾರೆ.

ಸ್ಕ್ರೂ ಹಾಕುವ ಪ್ರತಿ ತೂತನ್ನೂ ದೊಡ್ಡದಾಗಿ ಕೊರೆದು, ಎಪಾಕ್ಸಿ ತುಂಬಿ, ಒಣಗಿದ ಮೇಲೆ ಅದರ ನಡುವೆ ಸಣ್ಣ ತೂತು ಕೊರೆಯಿರಿ. ಆಗ ಸ್ಕ್ರೂ ಪಕ್ಕದಿಂದ ನೀರು ಇಳಿದರೂ ಮರಕ್ಕೆ ತಾಗುವುದಿಲ್ಲ. ಕಿಟಕಿಯ ಚೌಕಟ್ಟಿನ ಅಡಿಗೆ ಬ್ಯುಟೈಲ್ ಟೇಪ್ (ಅಂಟಂಟಾದ ರಬ್ಬರ್ ಪಟ್ಟಿ) ಹಾಕಿ. ಸಿಲಿಕೋನ್ ಬೇಡ. ಸಿಲಿಕೋನ್ ಒಮ್ಮೆ ತಾಗಿದ ಜಾಗಕ್ಕೆ ಮುಂದೆ ಬಣ್ಣವೂ ಹಿಡಿಯುವುದಿಲ್ಲ, ಅಂಟೂ ಹಿಡಿಯುವುದಿಲ್ಲ, ರಿಪೇರಿಯ ದಿನ ಅಳು ಬರುತ್ತದೆ.

ಒಳಗಿನ ವಿಷಯ ಚುಟುಕಾಗಿ ಹೇಳುತ್ತೇನೆ. ಇಬ್ಬರು ಉಸಿರಾಡುವ ಸಣ್ಣ ಪೆಟ್ಟಿಗೆ, ಕೆಳಗೊಂದು ಮೇಲೊಂದು ಗಾಳಿಕಿಂಡಿ ಯಾವಾಗಲೂ ತೆರೆದೇ ಇರಬೇಕು, ಅದಕ್ಕೆ ಸೊಳ್ಳೆಬಲೆ. ಒಲೆ ಹೊರಗೆ ಮಾತ್ರ. ಎಷ್ಟೇ ಮಳೆ ಬರಲಿ, ಮಲಗುವ ಜಾಗದಲ್ಲಿ ಉರಿ ಹಚ್ಚಬೇಡಿ. ಎಲ್‌ಪಿಜಿ ಗಾಳಿಗಿಂತ ಭಾರ, ಸೋರಿದರೆ ನೆಲದಲ್ಲಿ ಕೂರುತ್ತದೆ. ಸಿಲಿಂಡರ್ ಇಡುವ ಗೂಡಿನ ತಳದಲ್ಲಿ ಹೊರಗೆ ತೆರೆಯುವ ತೂತು ಬೇಕು, ಗೂಡಿಗೂ ಹಾಸಿಗೆಗೂ ನಡುವೆ ಪೂರ್ತಿ ಮುಚ್ಚಿದ ಗೋಡೆ ಬೇಕು. ಬ್ಯಾಟರಿಯ ಪ್ಲಸ್ ತಂತಿಗೆ ಬ್ಯಾಟರಿಯ ಪಕ್ಕದಲ್ಲೇ ಫ್ಯೂಸ್. ಹಿಂದಿನ ಲೈಟುಗಳಿಗೆ ಅರ್ತ್ ತಂತಿ ಬೇರೆಯೇ ಎಳೆಯಿರಿ. ಹಿಚ್ಚಿನ ಕಬ್ಬಿಣದ ಮೂಲಕ ಅರ್ತ್ ಆಗುತ್ತದೆ ಅಂತ ಬಿಟ್ಟರೆ ತುಕ್ಕು ಹಿಡಿದ ದಿನ ಇಂಡಿಕೇಟರ್ ಹಾಕಿದಾಗ ಬ್ರೇಕ್ ಲೈಟ್ ಮಿನುಗುತ್ತದೆ. ಹಿಚ್ಚಿನ ಕೆಳಗೆ ಎರಡು ಸರಪಳಿ, ಒಂದರ ಮೇಲೊಂದು ಅಡ್ಡವಾಗಿ. ಬಾಲ್ ಕಳಚಿದರೆ ಮೂಕಿ ರಸ್ತೆಗೆ ಚುಚ್ಚಿಕೊಳ್ಳದೆ ಆ ಸರಪಳಿಯ ತೊಟ್ಟಿಲಿನಲ್ಲಿ ನಿಲ್ಲುತ್ತದೆ.

ಮಳೆಗಾಲದ ಮೊದಲು ಮುಗಿಯುತ್ತದಾ ಅಂತ ಕೇಳಿದಿರಿ. ಕಾಗದಪತ್ರಕ್ಕೆ ಒಂದು ತಿಂಗಳು ಹೋಯಿತು ಅಂದುಕೊಳ್ಳಿ. ಏಪ್ರಿಲ್, ಮೇ ಕೈಯಲ್ಲಿ ಉಳಿಯುತ್ತದೆ. ಶನಿವಾರ, ಭಾನುವಾರ ಮಾತ್ರ ಕೆಲಸ ಮಾಡುವವರಾದರೆ ಹೊರಮೈ ಫೈಬರ್ ಮತ್ತು ಬಣ್ಣ ಮುಗಿಸುವುದೇ ಗುರಿ ಆಗಲಿ. ಒಳಗಿನ ಕಪಾಟು, ವೈರಿಂಗ್ ಮಳೆಗಾಲದಲ್ಲಿ ಮಾಡಿನ ಅಡಿ ಕೂತು ಮಾಡಬಹುದು. ಫೈಬರ್ ಕೆಲಸ ಮೇ ತಿಂಗಳ ಮೂರನೇ ವಾರ ದಾಟುವುದಾದರೆ ನಿಲ್ಲಿಸಿ, ನವೆಂಬರಿಗೆ ಇಡಿ. ಗಾಳಿಯಲ್ಲಿ ತೇವ ಇದ್ದಾಗ ಎಪಾಕ್ಸಿ ಮೇಲೆ ಮೇಣದಂಥ ಪೊರೆ ಬರುತ್ತದೆ. ಅದನ್ನು ನೀರಿನಲ್ಲಿ ತೊಳೆದು ಒರೆಸದೆ ಮುಂದಿನ ಕೋಟು ಹಾಕಿದರೆ ಸಿಪ್ಪೆ ಎದ್ದ ಹಾಗೆ ಏಳುತ್ತದೆ. ಅವಸರದಲ್ಲಿ ಜೂನಿನಲ್ಲಿ ಹೊದಿಸಿದ ಒಂದು ಮಾಡನ್ನು ನಾನು ಪೂರ್ತಿ ಕೆರೆದು ತೆಗೆಯಬೇಕಾಯಿತು.

ಮೊದಲ ಪ್ರಯಾಣಕ್ಕೆ ಘಾಟಿ ಬೇಡ. ಆಗುಂಬೆಯ 14 ತಿರುವುಗಳಲ್ಲಿ ಟ್ರೇಲರ್ ಎಳೆಯುವುದು ಪಳಗಿದ ಕೈಗೂ ಕಷ್ಟ. ಬ್ರೇಕ್ ಇಲ್ಲದ ಟ್ರೇಲರ್ ಇಳಿಜಾರಿನಲ್ಲಿ ಕಾರನ್ನು ಹಿಂದಿನಿಂದ ತಳ್ಳುತ್ತಲೇ ಇರುತ್ತದೆ. ನಿಮ್ಮ ಮನೆಯಿಂದ 66ನೇ ಹೆದ್ದಾರಿ ಹಿಡಿದು ಕುಂದಾಪುರ ದಾಟಿ ಮರವಂತೆಗೆ ಹೋಗಿ. ರಸ್ತೆ ಬಹುಪಾಲು ಸಮತಟ್ಟು, ಒಂದು ಕಡೆ ಕಡಲು, ಒಂದು ಕಡೆ ಸೌಪರ್ಣಿಕಾ. ಸ್ಪೀಡು 60 ದಾಟಿಸಬೇಡಿ. ಕುಂದಾಪುರದಲ್ಲಿ ಚಹಾಕ್ಕೆ ನಿಲ್ಲಿಸಿದಾಗ ಟ್ರೇಲರಿನ ಎರಡೂ ಹಬ್ಬಿನ (ಚಕ್ರದ ನಡುಭಾಗದ) ಮೇಲೆ ಕೈ ಇಟ್ಟು ನೋಡಿ. ಬೆಚ್ಚಗಿದ್ದರೆ ಸರಿ. ಕೈ ಇಡಲು ಆಗದಷ್ಟು ಬಿಸಿ ಇದ್ದರೆ ಬೇರಿಂಗ್ ಜಾಸ್ತಿ ಬಿಗಿಯಾಗಿದೆ ಅಥವಾ ಗ್ರೀಸ್ ಸಾಲದು. ಚಕ್ರದ ನಟ್ಟುಗಳನ್ನು ಅಲ್ಲೇ ಇನ್ನೊಮ್ಮೆ ಬಿಗಿ ಮಾಡಿ, ಹೊಸ ಚಕ್ರದಲ್ಲಿ ಅವು ಮೊದಲ 50 ಕಿಲೋಮೀಟರಿನಲ್ಲಿ ಸಡಿಲವಾಗುವುದು ಸಾಮಾನ್ಯ. ಮರವಂತೆಯಲ್ಲಿ ಮರಳಿಗೆ ಇಳಿಸಬೇಡಿ. ಮನೆಗೆ ಬಂದ ರಾತ್ರಿಯೇ, ಎಷ್ಟು ಸುಸ್ತಾಗಿದ್ದರೂ, ಫ್ರೇಮಿನ ಅಡಿಗೆ ಬಾವಿ ನೀರು ಪೈಪಿನಲ್ಲಿ ಬಿಟ್ಟು ಉಪ್ಪು ತೊಳೆಯಿರಿ. ಅದಕ್ಕೆ ಮೊದಲು ಹಬ್ಬು ತಣ್ಣಗಾಗಲು ಅರ್ಧ ಗಂಟೆ ಬಿಡಿ. ಬಿಸಿ ಹಬ್ಬಿಗೆ ತಣ್ಣೀರು ಬಿದ್ದರೆ ಅದು ಸೀಲಿನ ಸಂದಿನಿಂದ ನೀರನ್ನು ಒಳಗೆ ಎಳೆದುಕೊಳ್ಳುತ್ತದೆ.